ನಾದಿನಿಯ ಕೈಗೆ ಸಿಗದ ಬಿರುಕು

ನಮ್ಮ ಜೇವರ್ಗಿ ಸೀಮೆಯ ಬಂಡೆಗಳನ್ನು ಹತ್ತುವವರಿಗಾಗಿ ನಾನು ಬರೆದ ಕೈಪಿಡಿ ಮುದ್ರಣಕ್ಕೆ ಹೋಗುವುದಿತ್ತು. ಅದನ್ನು ನಂಬಿ ಯಾರೂ ಬೀಳಬಾರದೆಂದು ಪ್ರತಿ ಹಾದಿಯನ್ನೂ ನಾದಿನಿಯಿಂದ ಹತ್ತಿಸಿ ನೋಡಿದೆ. ಕೊಳಕೂರ ಬಳಿಯ ಹಳೆಯ ಕಲ್ಲುಗಣಿಯಲ್ಲಿ ಅವಳು ಅರ್ಧಕ್ಕೇ ನಿಂತಳು. ಹಗ್ಗ ನನ್ನ ಕೈಯಲ್ಲಿತ್ತು.

"ವೈನಿ, ಮ್ಯಾಲಿನ ಬಿರುಕು ಕೈಗೆ ಸಿಗ್ತದ ಅಂತ ಬರದೀರಲ್ರಿ, ಯಾರ ಕೈಗ್ರಿ? ನಾ ನಿಮ್ಮಂಗ ಜ್ವಾಳದ ದಂಟೇನ್ರಿ?"

ಅವಳ ಬೆರಳಿಗೂ ಬಿರುಕಿಗೂ ಒಂದು ಗೇಣು ದೂರವಿತ್ತು. ಅವಳ ಎಡ ಮೊಣಕಾಲಿನ ಹತ್ತಿರ ಬಳೆಯಷ್ಟು ದಪ್ಪದ ಅಂಚೊಂದು ಕಂಡಿತು. ಇಷ್ಟು ವರ್ಷ ಹತ್ತಿದರೂ ನನಗೆ ಅದು ಬೇಕಾಗಿರಲಿಲ್ಲ.

"ಮೊಣಕಾಲ ಹತ್ರ ಒಂದು ಅಂಚು ಅದ, ಎಡಗಾಲು ಅದರ ಮ್ಯಾಲೆ ಇಡವಾ."

ಇಟ್ಟಳು, ಮೇಲೆದ್ದಳು, ಬಿರುಕು ಹಿಡಿದಳು.

ಅವಳು ಇಳಿದ ಮೇಲೆ ಆ ಪುಟವನ್ನು ಹೊಡೆದುಹಾಕಿ, ಅವಳ ಎತ್ತರಕ್ಕೆ ಹೊಸದಾಗಿ ಬರೆದೆ. ಉದ್ದ ಕೈಯವರು ಓದದೆಯೂ ಹತ್ತಿಕೊಳ್ಳುತ್ತಾರೆ.