ತೊಂದರೆ ಇಲ್ಲ ಎಂದವರ ಕಾಲುಗಳು

ಇದು ಆಗುವ ಮಾತಲ್ಲ ಎಂದವರಲ್ಲಿ ಮೊದಲನೆಯವರು ನಮ್ಮ ದೊಡ್ಡಪ್ಪ, ಕಡೆಯವರು ನನ್ನ ಪ್ರಾಜೆಕ್ಟ್ ಗೈಡ್. ನಡುವೆ ಹಲವರಿದ್ದರು, ಆದರೆ ಅವರು ಹಾದಿಯಲ್ಲಿ ಹೋಗುತ್ತ ಅಂದವರು. ಇವರಿಬ್ಬರು ಕುರ್ಚಿಯಲ್ಲಿ ಕೂತು ಅಂದವರು. ದೊಡ್ಡಪ್ಪನ ವಾದ ಸರಳವಾಗಿತ್ತು. ನಮ್ಮ ಮನೆತನದಲ್ಲಿ ಗಂಡಸರೇ ಹತ್ತನೆಯ ತರಗತಿ ದಾಟಿಲ್ಲ, ಈ ಹುಡುಗಿ ಫಿಸಿಯೋಥೆರಪಿ ಡಿಗ್ರಿ ತಗೊಳ್ಳುವುದೆಂದರೇನು? ಗೈಡ್ ಓದಿದವರು, ಹಾಗಾಗಿ ಅವರಿಗೆ ಅದನ್ನು ಹೇಳಲು ನಾಲ್ಕು ವರ್ಷ ಹಿಡಿಯಿತು.

ಬಳ್ಳಾರಿಯ ಆ ಕಾಲೇಜಿನಲ್ಲಿ ಕೊನೆಗೆ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕು. ಅದಕ್ಕೆ ಗೈಡ್ ಸಹಿ ಬೀಳದಿದ್ದರೆ ಪದವಿ ಇಲ್ಲ. ನಾನು ಆರಿಸಿಕೊಂಡದ್ದು ಕಾಲಿನ ರಕ್ತನಾಳಗಳು ಉಬ್ಬಿ ಗಂಟುಗಂಟಾಗುವ ಕಾಯಿಲೆ. ನಮ್ಮ ಕಡೆ ‘ನರ ಉಬ್ಬ್ಯಾವ’ ಎನ್ನುತ್ತಾರೆ. ನಿಂತು ದುಡಿಯುವವರ ಮನೆಯಲ್ಲಿ ಇದು ಸಾಮಾನ್ಯ. ಅಪ್ಪ ಜೀನ್ಸ್ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವವರು, ಹೀಗಾಗಿ ಅಂಥ ಕಾಲುಗಳನ್ನು ಪುಸ್ತಕಕ್ಕಿಂತ ಮೊದಲೇ ನೋಡಿದ್ದೆ. ಕಾಯಿಲೆ ಎಷ್ಟಿದೆ ಎಂದು ನೋಡಲು ಡಾಕ್ಟರರಿದ್ದಾರೆ. ಅದರಿಂದ ಬದುಕು ಎಷ್ಟು ಕೆಟ್ಟಿದೆ ಎಂದು ಅಳೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಅಳೆಯುವ ಕೋಲು ಹೊರದೇಶದ್ದು, ಒಂದು ಪ್ರಶ್ನಾವಳಿ. ಕನ್ನಡಕ್ಕೆ ತಂದವರು ಸ್ವತಃ ಗೈಡ್. ‘ಸಂಜೆಯ ಔತಣಕೂಟಗಳಿಗೆ ತೆರಳಲು’, ‘ಕ್ರೀಡಾ ಚಟುವಟಿಕೆಗಳಲ್ಲಿ ತೊಡಗಲು’, ‘ಕಾಲು ಕಾಣುವ ಉಡುಪು ಧರಿಸಲು’ ತಮಗೆ ಎಷ್ಟು ತೊಂದರೆಯಾಗುತ್ತದೆ ಎಂದು ಕೇಳಬೇಕು. ತೊಂದರೆ ಇಲ್ಲ ಎಂದರೆ ಒಂದು ಅಂಕ, ಅತೀವ ಎಂದರೆ ಐದು. ಹೆಚ್ಚು ಅಂಕ ಬಂದಷ್ಟೂ ಬದುಕು ಕೆಟ್ಟದ್ದು. ಶಾಲೆಯಲ್ಲಿ ಹೆಚ್ಚು ಅಂಕಕ್ಕಾಗಿ ಒದ್ದಾಡಿದವಳಿಗೆ ಇದೊಂದು ಹೊಸ ಪಾಠ.

ಸಿರುಗುಪ್ಪದಲ್ಲಿ ಭತ್ತದ ನಾಟಿ ಹಚ್ಚುವ ಒಬ್ಬ ಹೆಂಗಸಿದ್ದರು. ಪಾದದ ಮೇಲ್ಗಡೆ ವರ್ಷಗಟ್ಟಲೆ ಮಾಯದ ಹುಣ್ಣು, ಅದಕ್ಕೆ ಹಳೆಯ ಸೀರೆಯ ಚೂರು ಸುತ್ತಿದ್ದರು. ಕಾಲು ಕಾಣುವ ಉಡುಪಿನ ಪ್ರಶ್ನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಾಟಿ ಹಚ್ಚೂಮುಂದ ಸೀರಿ ಮೊಣಕಾಲ ಮ್ಯಾಲೇ ಇರತೈತಿ ತಂಗಿ. ನೋಡಾಕ ಬರೂವು ಬೆಳ್ಳಕ್ಕಿ ಅಷ್ಟ.”

ಔತಣಕೂಟವನ್ನು ನಾನೇ ಮದುವೆ ಎಂದು ಬದಲಿಸಿ ಕೇಳಿದೆ. ತೊಂದರೆ ಏನಿಲ್ಲ. ಬಹಳ ಹೊತ್ತು ನಿಲ್ಲಲು? ಏನಿಲ್ಲ. ಕುರುಗೋಡಿನಲ್ಲಿ ಬಾಣಲೆಯ ಮುಂದೆ ನಿಂತು ಮಿರ್ಚಿ ಕರಿಯುವವರೊಬ್ಬರ ಕಾಲಿನ ಚರ್ಮ ಕಪ್ಪಗೆ ಕರಟಿಹೋಗಿತ್ತು. ಮೆಟ್ಟಿಲು ಹತ್ತಲು ತೊಂದರೆ? ಅವರದೂ ಏನಿಲ್ಲ. ಒಟ್ಟು ಹಾಕಿ ನೋಡಿದರೆ ನಮ್ಮ ಜಿಲ್ಲೆಯ ಹುಣ್ಣುಗಾಲಿನವರ ಬದುಕು, ಆ ಪ್ರಶ್ನೆಗಳನ್ನು ಬರೆದವರ ಬದುಕಿಗಿಂತ ಸೊಗಸಾಗಿತ್ತು.

ಗೈಡ್ ಹಾಳೆಗಳನ್ನು ತಿರುವಿ ನಕ್ಕರು. ಮನೆಯಲ್ಲಿ ಕೂತು ತುಂಬಿದ್ದೇನೆ ಎಂದು ಅವರ ತೀರ್ಮಾನ. ಸುಳ್ಳು ಬರೆದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ, ಸರಿಯಾದ ಸುಳ್ಳು ಬರೆದಿಲ್ಲವಲ್ಲ ಎಂಬುದಕ್ಕೆ ಇತ್ತು. ಅಲ್ಲಲ್ಲಿ ಮೂರು, ನಾಲ್ಕು ಹಾಕಿಕೊಂಡು ಬಾ, ಎಲ್ಲರೂ ಹಾಗೇ ಮಾಡುವುದು ಎಂದು ಬುದ್ಧಿ ಹೇಳಿದರು.

“ಅವ್ರು ಹೇಳಿದ್ದನ್ನ ಬರ್ದೀನ್ರಿ ಸರ್,” ಎಂದೆ.

“ಹಂಗಾರ ಸಹೀನೂ ಅವ್ರ ಕಡೀಂದನ ಹಾಕಿಸ್ಕೋ. ನಿನ್ನ ಕೈಲೆ ಡಿಗ್ರಿ ಆಗೂದಲ್ಲ ಬಿಡು.”

ಅಂಕ ತಿದ್ದುವುದು ಕಷ್ಟವೇನಲ್ಲ, ಒಂದು ಪೆನ್ನು ಸಾಕು. ಆದರೆ ಆ ಹುಣ್ಣನ್ನು ಕಣ್ಣಾರೆ ನೋಡಿದ್ದೆ, ಆಕೆಯ ಮಾತನ್ನೂ ಕಿವಿಯಾರೆ ಕೇಳಿದ್ದೆ. ಎರಡೂ ನಿಜವಾಗಿರುವುದು ಹೇಗೆಂದು ತಿಳಿಯದೆ ಸಿರುಗುಪ್ಪದ ಬಸ್ಸು ಹತ್ತಿದೆ. ಈ ಸಲ ಹಾಳೆಗಳನ್ನು ಚೀಲದಿಂದ ತೆಗೆಯಲಿಲ್ಲ. ಆಕೆ ಚಹಾ ಕೊಟ್ಟು, ಸಿರಿಗೇರಿಯಲ್ಲಿ ಹಿಂದಿನ ವಾರ ತಮ್ಮನ ಮಗನ ಮದುವೆಯಾಯಿತು ಎಂದು ಹೇಳಿದರು. ಊಟಕ್ಕೆ ಏನೇನು ಮಾಡಿದ್ದರು ಎಂದು ಕೇಳಿದೆ. ಗೊತ್ತಿಲ್ಲ, ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂದರು.

“ಅವತ್ತ ತೊಂದ್ರಿ ಏನಿಲ್ಲ ಅಂದ್ರೆಲ್ಲ?”

“ಹೋದ್ರಲ್ಲೇನವ್ವ ತೊಂದ್ರಿ ಆಗೂದು? ನಾ ಹೋಗೂದ ಇಲ್ಲ.”

ಆಕೆ ತಮಾಷೆ ಮಾಡಿದ್ದಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದರು, ಅಷ್ಟೇ. ಕಾಲು ನೋಯುವ ಕಡೆಗೆಲ್ಲ ಹೋಗುವುದನ್ನು ಬಿಟ್ಟು, ಉಳಿದ ಬದುಕಿನಲ್ಲಿ ಆರಾಮವಾಗಿದ್ದರು. ನಾನು ಆ ಆರಾಮಕ್ಕೆ ಒಂದೊಂದೇ ಅಂಕ ಕೊಟ್ಟು ಮೆಚ್ಚಿಕೊಂಡು ಬಂದಿದ್ದೆ.

ಆಮೇಲೆ ಪ್ರತಿಯೊಬ್ಬರ ಮನೆಗೂ ಮತ್ತೆ ಹೋಗಿ ಒಂದೇ ಮಾತು ಕೇಳಿದೆ: ಕಾಲಿನ ಸಲುವಾಗಿ ಏನೇನು ಬಿಟ್ಟಿರಿ? ಕುರುಗೋಡಿನವರು ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೊಟ್ಟು ಅಂಗಡಿಯಲ್ಲೇ ಮಲಗುತ್ತಿದ್ದರು. ಮೆಟ್ಟಿಲಿನ ತೊಂದರೆ ಹಾಗೆ ಹೋಗಿತ್ತು. ಊರಿನ ಬೃಹತ್ ನಂದಿ, ಬಸವಣ್ಣನ ಗುಡಿಯಲ್ಲಿ ಸರತಿಗೆ ನಿಲ್ಲುವುದನ್ನೂ ಬಿಟ್ಟು, ರಸ್ತೆಯಿಂದಲೇ ಕೈ ಮುಗಿಯುತ್ತಿದ್ದರು. ಅಷ್ಟು ದೊಡ್ಡ ಬಸವಣ್ಣ, ಹೊರಗಿದ್ದವರೂ ಅವನ ಕಣ್ಣಿಗೆ ಬೀಳುತ್ತಾರೆ ಎಂದು ಅವರ ಸಮಾಧಾನ.

ಈ ಪ್ರಶ್ನೆ ಸೇರಿಸಲು ಗೈಡ್ ಒಪ್ಪಲಿಲ್ಲ. ಹೊರದೇಶದಲ್ಲಿ ಪರೀಕ್ಷಿಸಿ ಒಪ್ಪಿದ ಪ್ರಶ್ನಾವಳಿಗೆ ನನ್ನಂಥವಳು ಬಾಲ ಅಂಟಿಸುವಂತಿಲ್ಲ ಎಂದರು. ಅಂಕಗಳನ್ನು ಮುಟ್ಟದೆ ಹಾಗೇ ಇಟ್ಟು, ಬಿಟ್ಟದ್ದನ್ನೆಲ್ಲ ಬೇರೆ ಅಧ್ಯಾಯ ಮಾಡಿ ಬರೆದೆ. ಸಹಿಗಾಗಿ ಅವರ ಕೋಣೆಯ ಹೊರಗೆ ದಿನವೂ ನಿಂತೆ. ನಾಳೆ ಬಾ, ನಾಳೆ ಬಾ. ಕೊನೆಯ ದಿನ, ಫೇಲಾದರೆ ತಮ್ಮನ್ನು ಕೇಳಬಾರದು ಎಂದು ಹೇಳಿ ಸಹಿ ಗೀಚಿದರು.

ಹೊರಗಿನಿಂದ ಬಂದ ಪರೀಕ್ಷಕಿ ಅಂಕಗಳ ಪುಟಗಳನ್ನು ದಾಟಿಸಿ ಆ ಅಧ್ಯಾಯದಲ್ಲೇ ನಿಂತರು. ಈ ಪ್ರಶ್ನೆ ಹೇಗೆ ಹೊಳೆಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಗೈಡ್ ಗಂಟಲು ಸರಿಮಾಡಿಕೊಂಡು, ಈ ಭಾಗದ ಜನರ ಸ್ವಭಾವ ತಮಗೆ ಮೊದಲೇ ಗೊತ್ತಿತ್ತು, ತಾವೇ ಹೇಳಿ ಮಾಡಿಸಿದ್ದು ಎಂದರು. ನನಗೆ ಬೇಕಾಗಿದ್ದದ್ದು ಡಿಗ್ರಿ; ಹೆಚ್ಚುಗಾರಿಕೆ ಅವರೇ ಇಟ್ಟುಕೊಳ್ಳಲಿ.

ಪದವಿ ಪ್ರದಾನದ ದಿನ ಅಪ್ಪ ಒಬ್ಬರೇ ಬಂದಿದ್ದರು. ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದನ್ನು ಕಂಡು, ಅವು ದೊಡ್ಡವರಿಗೆ ಎಂದುಕೊಂಡು ಗೋಡೆಯ ಬದಿಗೆ ನಿಂತಿದ್ದರು. ಭಾಷಣಗಳು ಮುಗಿಯುವವರೆಗೂ ನಿಂತೇ ಇದ್ದರು. ನನ್ನ ಹೆಸರು ಕೂಗಿದರು. ಪ್ರಮಾಣಪತ್ರ ಕೈಗೆ ಬಂತು. ಇಳಿದು ಬಂದು ಅಪ್ಪನ ಕೈಯಲ್ಲಿಟ್ಟೆ. ಅವರು ಅದನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಜೋಪಾನವಾಗಿ ಮತ್ತೆ ನನಗೇ ಕೊಟ್ಟರು.

“ಬಂತಲ್ಲ. ನಡಿಯವ್ವ, ಇನ್ನ ಎಲ್ಲ್ಯಾರ ಕುಂದ್ರೂನು. ಕಾಲು ಭಾಳ ನೋಯಾಕತ್ಯಾವು.”