ಅರ್ಜಿಯೊಳಗಿನ ಅರ್ಧ ತಾಸು

ಮೂವತ್ತರ ದಶಕದ ನಡುವೆ ನಾನು ಯಲ್ಲಾಪುರದಲ್ಲಿ ಮಾಸ್ತರನಾಗಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಸಂಜೆಯ ಸರ್ವಿಸ್ ಮೋಟಾರು, ಅಂದರೆ ಆಗಿನ ಬಸ್ಸು, ಹತ್ತಿ ಶಿರಸಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಸೋದರಮಾವನ ಮನೆ. ತಂದೆ ಇಲ್ಲದ ನನ್ನನ್ನು ಧಾರವಾಡಕ್ಕೆ ಕಳಿಸಿ ಬಿ.ಎ. ಮಾಡಿಸಿದವನು ಆತ. ಯಲ್ಲಾಪುರದ ಕಚೇರಿಯಲ್ಲಿ ಆತನದೊಂದು ಜಾಗದ ತಕರಾರು ನಡೆಯುತ್ತಿದ್ದುದರಿಂದ ತಿಂಗಳಿಗೆ ಒಂದೆರಡು ಸಲ ಅದೇ ಮೋಟಾರಿನಲ್ಲಿ ನನ್ನ ಜೊತೆಯಾಗುತ್ತಿದ್ದ.

ಮೋಟಾರು ನಡೆಸುತ್ತಿದ್ದವರು ಯಲ್ಲಾಪುರದ ಒಬ್ಬ ಸಾಬರು. ಮಂಚೀಕೇರಿ ದಾಟಿದ ಮೇಲೆ ರಸ್ತೆಯ ಪಕ್ಕಕ್ಕೇ ಒಂದು ಹಳ್ಳ ಬರುತ್ತಿತ್ತು. ಹೊತ್ತು ಮುಳುಗುವಾಗ ಅವರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ನಮ್ಮವರು ನಾಲ್ಕೈದು ಮಂದಿ ಮೇಲಿನ ಕಲ್ಲಿನ ಹತ್ತಿರ ಕೈಕಾಲು ತೊಳೆದು ಸಂಧ್ಯಾವಂದನೆಗೆ ಕೂರುತ್ತಿದ್ದರು. ಸಾಬರು ಕೆಳಗಡೆ ಮುಖ ತೊಳೆದು, ಹುಲ್ಲಿನ ಮೇಲೆ ಚಾಪೆ ಹಾಸಿ ನಮಾಜು ಮಾಡುತ್ತಿದ್ದರು. ಉಳಿದವರು ಎಲೆ ಅಡಿಕೆ ಹಾಕುತ್ತಿದ್ದರು. ಒಟ್ಟು ಹತ್ತು ನಿಮಿಷ. ಇದನ್ನು ನೆನಪಿನಿಂದ ಹೇಳುತ್ತಿಲ್ಲ. ಆಗಷ್ಟೇ ಕೊಂಡ ಕೈಗಡಿಯಾರದ ಉಮೇದಿನಲ್ಲಿ ಎರಡು ಮೂರು ಸಲ ನೋಡಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ನಾನು ಕಾಲೇಜಿನಲ್ಲೇ ಸಂಧ್ಯೆ ಬಿಟ್ಟವನು. ದೇವರ ಬಗ್ಗೆ ಆಗ ನನಗೊಂದು ಖಚಿತ ಅಭಿಪ್ರಾಯವಿತ್ತು, ಇಲ್ಲ ಎಂದು. ಮೋಟಾರಿನಲ್ಲಿ ಕೂತು ಮೇಲಿನವರನ್ನೂ ಕೆಳಗಿನವರನ್ನೂ ನೋಡುತ್ತ, ಇಬ್ಬರನ್ನೂ ಸಮನಾಗಿ ಸಹಿಸಿಕೊಳ್ಳುವ ದೊಡ್ಡ ಮನಸ್ಸು ನನ್ನದು ಎಂದುಕೊಳ್ಳುತ್ತಿದ್ದೆ. ಆದರೆ ಮಾವ ಜೊತೆಗಿದ್ದ ದಿನ ನಾನೂ ಇಳಿದು ಹೋಗಿ, ನೀರು ಬಿಟ್ಟು, ತುಟಿ ಅಲ್ಲಾಡಿಸುತ್ತಿದ್ದೆ. ಮಾವ ಇಲ್ಲದ ದಿನ ಮೋಟಾರಿನ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದೆ. ಸಾಬರು ಒಮ್ಮೆ ಚಾಪೆ ಸುತ್ತುತ್ತ ಬಂದವರು ಅದನ್ನು ಕಂಡು ನಕ್ಕರು.

"ಏನ್ರಿ ಮಾಸ್ತರ್ರೆ, ಮಾವ ಬಂದ್ರ ನೀರು ಬಿಡ್ತೀರಿ, ಮಾವ ಬರ್ಲಿಲ್ಲಂದ್ರ ಹೊಗಿ ಬಿಡ್ತೀರಿ."

ಆ ಮಾತು ಮಾವನ ಕಿವಿಗೆ ಎಂದೂ ಬೀಳಲಿಲ್ಲ. ಅವರು ಮನಸ್ಸು ಮಾಡಿದ್ದರೆ ಬೀಳಿಸಬಹುದಿತ್ತು.

ಒಂದು ಶನಿವಾರ ಮಾವನಿಗೆ ದಾಯಾದಿಗಳ ಕಡೆಯ ಸೂತಕ. ಸಂಧ್ಯೆ ಇಲ್ಲದ್ದರಿಂದ ಹಳ್ಳಕ್ಕೆ ಇಳಿಯುವ ಕೆಲಸವಿರಲಿಲ್ಲ. ಮಳೆಗಾಲ ಮುಗಿದು ಮೋಟಾರು ಆಗಷ್ಟೇ ಶುರುವಾಗಿತ್ತು; ಸಂಧ್ಯೆಗೆ ಇಳಿಯುವವರು ಬೇರೆ ಯಾರೂ ಅಂದು ಇರಲಿಲ್ಲ. ಹಳ್ಳ ಸಮೀಪಿಸುವಾಗ ಮಾವ ಮುಂದೆ ಬಾಗಿ, "ಇವತ್ತು ನಿಲ್ಸೋದು ಬೇಡ. ನಂಗೆ ಸೂತಕ. ಸೀದಾ ನಡಿ" ಎಂದ.

ಸಾಬರು ಗಾಡಿ ನಿಲ್ಲಿಸಿ, ಚಾಪೆ ಎತ್ತಿಕೊಂಡು, "ಸೂತಕ ನಿಮಗೈತ್ರಿ ಯಜಮಾನ್ರೆ, ನನಗಿಲ್ಲ" ಎಂದು ಇಳಿದುಹೋದರು.

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಸಾಬರು ಇದೇ ಮಾತು ಹೇಳಿದರೋ, ಆಮೇಲೆ ಹತ್ತು ಬಾಯಲ್ಲಿ ಓಡಾಡಿ ಅದು ಹೀಗೆ ಚೂಪಾಯಿತೋ, ಆಣೆ ಇಟ್ಟು ಹೇಳಲಾರೆ. ನಗೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಏಕೆಂದರೆ ನಕ್ಕವರಲ್ಲಿ ನಾನೂ ಒಬ್ಬ; ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

ಮರುದಿನ ಬೆಳಿಗ್ಗೆ ಮಾವ ಜಗಲಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಅರ್ಜಿ ಬರೆಯಬೇಕೆಂದ.

"ತಮಾ, ಮೋಟಾರಿನ ಮಾಲೀಕಂಗೆ ಒಂದು ಅರ್ಜಿ ಬರೆಯವು. ಇಂಗ್ಲಿಷಲ್ಲೇ ಇರ್ಲಿ, ಅವ ಹೆದರ್ತ."

"ಎಂತ ಹೇಳಿ ಬರೆಯವು?"

"ಡ್ರೈವರ ದಾರಿಲಿ ಅರ್ಧ ತಾಸು ಮೋಟಾರು ನಿಲ್ಲಸ್ತ ಹೇಳಿ."

"ಹತ್ತು ನಿಮಿಷ ಮಾವ. ಆನು ಗಡಿಯಾರ ನೋಡಿದ್ದಿ."

"ಹತ್ತು ನಿಮಿಷ ಹೇಳಿ ಬರೆದ್ರೆ ಓದಿದವ ನಗ್ತ. ಅರ್ಧ ತಾಸು ಬರೆ."

"ನಾವೂ ಇಳೀತ್ಯಲ, ಸಂಧ್ಯೆ ಮಾಡಲೆ?"

ಮಾವ ಸಿಟ್ಟಾಗಲಿಲ್ಲ. ದಡ್ಡನಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿದ: "ನಮ್ಮ ಸಲುವಾಗಿ ಅವ ನಿಲ್ಸಿದ್ರೆ ಅದು ಮರ್ಯಾದೆ. ಅವನ ಸಲುವಾಗಿ ನಾವು ಕೂತ್ರೆ ಅದು ಎಂತದು? ನೀನೇ ಹೇಳು, ಓದಿದವ ನೀನು."

ಓದಿದವನು ಬರೆದೆ. ನಮಾಜಿನ ಹೆಸರೆತ್ತದೆ, 'ತನ್ನ ಸ್ವಂತ ಕೆಲಸಕ್ಕಾಗಿ' ಎಂದು ಬರೆದೆ. ಧರ್ಮದ ಮಾತು ತರಲಿಲ್ಲವೆಂದು ಅಂದು ನನಗೆ ಒಳಗೊಳಗೇ ಹೆಮ್ಮೆಯಾದದ್ದು ನೆನಪಿದೆ. ಈಗ ಅನ್ನಿಸುತ್ತದೆ, ಹೆಸರೆತ್ತಿದ್ದರೆ ಓದಿದವರಿಗೆ ನಿಜ ಗೊತ್ತಾಗುತ್ತಿತ್ತು. ನಾನು ಸೊಗಸಾಗಿ ಮುಚ್ಚಿದ್ದರಿಂದ ಆ ಮನುಷ್ಯ ರಸ್ತೆಯ ಬದಿಗೆ ಗಾಡಿ ಬಿಟ್ಟು ಎಲ್ಲೋ ಅಲೆಯಲು ಹೋಗುವವನಂತೆ ಕಂಡ. ಏಳು ಜನ ಸಹಿ ಹಾಕಿದರು. ಅವರಲ್ಲಿ ಮೂವರು ಹಳ್ಳದ ಮೇಲಿನ ಕಲ್ಲಿನ ಹತ್ತಿರ ಸಂಧ್ಯೆಗೆ ಕೂರುತ್ತಿದ್ದವರೇ. ಎಂಟನೆಯದು ನನ್ನ ಸಹಿ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: 'ಅರ್ಜಿ ಬರೆದೆ. ತಲೆನೋವು.'

ಹದಿನೈದು ದಿನದೊಳಗೆ ಮೋಟಾರಿಗೆ ಹೊಸ ಡ್ರೈವರ ಬಂದ. ಆತ ಹಳ್ಳದ ಹತ್ತಿರ ಯಾರ ಸಲುವಾಗಿಯೂ ನಿಲ್ಲಿಸಲಿಲ್ಲ. ಸೂತಕ ಕಳೆದ ಮಾವ, "ಒಂದು ಗಳಿಗೆ ನಿಲ್ಸೋ" ಎಂದರೆ, "ಅರ್ಜಿ ಕೊಟ್ಟವ್ರು ನೀವೇ ಅಲ್ವಾ" ಎಂದು ಹಾರ್ನು ಒತ್ತಿದ. ಮಾವ ಶಿರಸಿ ತಲುಪಿ ಹೊತ್ತು ಮೀರಿದ ಮೇಲೆ ಸಂಧ್ಯೆ ಮಾಡತೊಡಗಿದ. ನನಗೆ ತುಟಿ ಅಲ್ಲಾಡಿಸುವ ಕಷ್ಟ ತಪ್ಪಿತು. ಲಾಭವಾದದ್ದು ನನಗೊಬ್ಬನಿಗೇ.

ಚಳಿಗಾಲದಲ್ಲಿ ಒಂದು ದಿನ ಯಲ್ಲಾಪುರದ ಕಟ್ಟಿಗೆ ಡಿಪೋದ ಎದುರು ಸಾಬರು ಕಂಡರು. ದಿಮ್ಮಿ ಹೇರಿದ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ನಾನು ದಾರಿ ದಾಟಿ ತಪ್ಪಿಸಿಕೊಳ್ಳುವಷ್ಟರಲ್ಲಿ ಅವರೇ ಕರೆದರು.

"ಬರ್ರಿ ಮಾಸ್ತರ್ರೆ. ಎತ್ತು ನೋಡ್ರಿ, ಇವಕ್ಕ ಬ್ರೇಕಿಲ್ಲ." ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿದರು. "ಮಾಲೀಕ್ರು ಅರ್ಜಿ ಓದಿ ಹೇಳಿದ್ರು. ಅರ್ಧ ತಾಸು ಹೆಂಗಾತ್ರಿ ಅದು?"

ನಾನು ಮಾವನ ಹೆಸರು ಹೇಳಿದೆ. ನನ್ನನ್ನು ಓದಿಸಿದ್ದು, ಋಣ, ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿದರು.

"ಮಾವ ಅಂದ್ರ ಮಾವ. ನೀವು ಮಾವನ್ನ ಬಿಡಂತ ನಾ ಯಾಕ ಹೇಳ್ಲಿ? ನಮಾಜು ಸರಿ ಅಂತನೂ ಬರೀಬ್ಯಾಡ್ರಿ. ನಿಮಗ ಅದು ಒಪ್ಪಂಗಿಲ್ಲ, ನಿಮ್ಮ ಸಂಧ್ಯಾನೂ ಒಪ್ಪಂಗಿಲ್ಲ, ನನಗ ಗೊತ್ತೈತಿ. ಹೊತ್ತು ಎಷ್ಟು ಹಿಡೀತಿತ್ತು ಅಷ್ಟು ಬರದು ಕೊಡ್ರಿ. ಹತ್ತು ನಿಮಿಷ ಅಂತ ನೀವು ಕೈಯಾರೆ ಬರದ್ರ ಮೋಟಾರು ವಾಪಸ್ ಕೊಡ್ತೀನಿ ಅಂದಾರ ಮಾಲೀಕ್ರು."

ನನ್ನ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ಬದಲಿಸಬೇಕೆಂದು ಅವರು ಕೇಳಲಿಲ್ಲ. ಗಡಿಯಾರದಲ್ಲಿ ಕಂಡದ್ದನ್ನು ಕೇಳಿದರು.

ಅಂದೇ ಪತ್ರ ಬರೆದೆ. ಸೋಮವಾರ ಬೆಳಿಗ್ಗೆ ಯಲ್ಲಾಪುರಕ್ಕೆ ಹೊರಡುವ ಮುಂಚೆ ಶಿರಸಿಯಲ್ಲಿ ಮಾಲೀಕರ ಅಂಗಡಿಗೆ ಹೋದೆ. ಅಲ್ಲಿ ಮಾವ ಇರಲಿಲ್ಲ. ಮಾಲೀಕರ ಹೊರತು ಬೇರೆ ಯಾರೂ ಇರಲಿಲ್ಲ. ಮಾಲೀಕರು ಎದ್ದು ಕುರ್ಚಿ ಕೊಟ್ಟರು, ಚಹಾ ತರಿಸಿದರು. "ಚೊಲೋ ಇಂಗ್ಲಿಷ್ ಬರೀತೀರಿ ಮಾಸ್ತರೆ. ನಮ್ಮ ವಕೀಲರಿಗೂ ತೋರಿಸ್ದೆ. ಮತ್ತೇನಾದ್ರೂ ತಕರಾರು ಉಂಟಾ?"

ಹತ್ತು ನಿಮಿಷ ಎಂದು ಕೊಟ್ಟರೆ ಮೊದಲು ಬರೆದದ್ದು ಸುಳ್ಳೆಂದಾಗುತ್ತಿತ್ತು. ಊರಿಗೇ ಸುಳ್ಳುಗಾರ ಮಾಸ್ತರನಾಗುತ್ತಿದ್ದೆ. ಇದು ಆಗ ಹೊಳೆದ ಕಾರಣವೋ, ಆಮೇಲೆ ನಾನು ಹುಡುಕಿಕೊಂಡ ಕಾರಣವೋ ತಿಳಿಯದು. "ಏನಿಲ್ಲ, ಹೀಗೇ ಬಂದೆ" ಎಂದು ಚಹಾ ಕುಡಿದು ಎದ್ದೆ.

ಡೈರಿಯಲ್ಲಿ ಆ ದಿನದ ಕೆಳಗೆ 'ಪತ್ರ ಕೊಟ್ಟೆ' ಎಂದು ನನ್ನ ಕೈಯಲ್ಲೇ ಬರೆದಿದೆ. ಪತ್ರ ಮಾತ್ರ, ನಾಲ್ಕು ಮಡಿಕೆಯಾಗಿ, ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅದು ಕಳೆದುಹೋಗಿದ್ದರೆ ಇಷ್ಟು ಹೊತ್ತಿಗೆ ಡೈರಿಯನ್ನೇ ನಂಬಿ ನೆಮ್ಮದಿಯಾಗಿರುತ್ತಿದ್ದೆ.

ಮೋಟಾರು ಯಲ್ಲಾಪುರ ಮುಟ್ಟುವಾಗ ಸಾಬರು ಎತ್ತಿನ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಕೊಟ್ರೇನ್ರಿ?"

"ಕೊಟ್ಟೆ" ಎಂದೆ.

"ಏನಂದ್ರು?"

"ನೋಡ್ತೇನೆ ಅಂದ್ರು."

ಆಮೇಲೆ ಎರಡು ತಿಂಗಳು, ಸಿಕ್ಕಾಗಲೆಲ್ಲ ಅವರು ಗಾಡಿಯ ಮೇಲಿಂದಲೇ ತಲೆಯಾಡಿಸಿ ಕೇಳುತ್ತಿದ್ದರು, ನಾನು ಇನ್ನೂ ಇಲ್ಲವೆಂದು ಕೈ ಆಡಿಸುತ್ತಿದ್ದೆ. ಕೊನೆಯ ಸಲ ನನ್ನ ಮುಖ ಕಂಡು ಅವರಿಗೇ ಕನಿಕರವಾಗಿರಬೇಕು. ಎತ್ತಿನ ಹಗ್ಗ ಜಗ್ಗಿ ಹಿಡಿದು, "ಇರ್ಲಿ ಬಿಡ್ರಿ ಮಾಸ್ತರ್ರೆ, ನೀವು ಮಾಡೂದು ಮಾಡೀರಿ" ಎಂದು ನನಗೆ ಸಮಾಧಾನ ಹೇಳಿದರು.