ಶಾಂತಾ ಆಂಟಿಯ ಹಿತ್ತಲಿನ ಪುಂಡಿ

ಯಾವ ಬಾಟಲಿ ಕೈಗೆ ಬಂದರೂ ಶಾಂತಾ ಆಂಟಿ ಮೊದಲು ನೋಡುತ್ತಿದ್ದುದು ಅದರ ಬೆನ್ನನ್ನು. ಮುಂದಿನ ಚಿತ್ರ, ಚಿನ್ನದ ಬಣ್ಣದ ಹೆಸರು ಅವರಿಗೆ ಬೇಡ. ಕನ್ನಡಕವನ್ನು ಹಣೆಗೆ ತಳ್ಳಿ, ಬಾಟಲಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಹಿಂದಿನ ಸಣ್ಣಕ್ಷರಗಳನ್ನು ತುಟಿ ಅಲುಗಿಸುತ್ತ ಓದುವರು. ಯಾರದೋ ಮನೆಗೆ ಊಟಕ್ಕೆ ಹೋದರೂ ಅಷ್ಟೇ, ಉಪ್ಪಿನಕಾಯಿ ಬಡಿಸುವ ಮುಂಚೆ ಬಾಟಲಿ ಅವರ ಕೈಗೆ ಹೋಗಬೇಕು. ಮನೆಯವರ ಮುಖ ಬಾಡಿದ್ದು ಕಂಡರೆ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಜೀವಮಾನ ಪೂರಾ ಇದನ್ನ ಮಾಡೇನಿ, ಕಣ್ಣು ಕೇಳಂಗಿಲ್ಲ" ಎಂದು ತಾವೇ ಮೊದಲು ನಗುವರು.

ಅವರು ವಿಜಯಪುರದ ಕಡೆಯವರು. ಮದುವೆಯಾಗಿ ಸಿಡ್ನಿಗೆ ಬಂದು, ಇಲ್ಲಿ ಮತ್ತೆ ಪರೀಕ್ಷೆ ಬರೆದು ಫಾರ್ಮಸಿಸ್ಟ್ ಆಗಿ, ನಿವೃತ್ತಿಯವರೆಗೂ ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತವರು. ಗಂಡ ತೀರಿಕೊಂಡ ಮೇಲೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಡಾಕ್ಟರಾಗಿದ್ದ ಮಗಳ ಮನೆಗೆ ಹತ್ತಿರವಾಗಲೆಂದು ಸಣ್ಣದೊಂದು ಮನೆ ಕೊಂಡಿದ್ದರು. ಆ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದವಳು ನಾನು. ಮೈಸೂರಿನವಳು, ಡಾಕ್‌ಲ್ಯಾಂಡ್ಸ್‌ನ ಒಂದು ಆಫೀಸಿನಲ್ಲಿ ಕೆಲಸ, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ದಿನಕ್ಕೆ ಹತ್ತು ಸಲ ಇಮೇಲ್ ನೋಡುತ್ತಿದ್ದ ಕಾಲ. ಅವರ ಮಾತು ನನಗೆ ಪೂರ್ತಿ ಅರ್ಥವಾಗಲು ಕೆಲವು ವಾರಗಳೇ ಬೇಕಾದವು. ನನ್ನ ಮಾತು ಅವರಿಗೆ ಮೊದಲ ದಿನವೇ ಅರ್ಥವಾಗಿತ್ತು, ಆದರೆ ಹಿಡಿಸಿರಲಿಲ್ಲ. "ನೀವು ಮೈಸೂರಿನವ್ರು ಮಾತಾಡಿದ್ರ ಯಾರಿಗೋ ನಿದ್ದಿ ಕೆಡ್ತದೇನೋ ಅಂತ ಅಂಜಿ ಮಾತಾಡಿದಂಗ ಇರ್ತೈತಿ ನೋಡವ್ವಾ" ಎನ್ನುತ್ತಿದ್ದರು.

ಆಗ ನಮ್ಮ ಜನರಲ್ಲಿ ಸಿಬಿಡಿ ಎಣ್ಣೆಯ ಹುಚ್ಚು ಹಬ್ಬಿತ್ತು. ಗಾಂಜಾ ಜಾತಿಯ ಗಿಡದಿಂದಲೇ ತೆಗೆಯುವ, ಆದರೆ ಅಮಲೇರಿಸದ ಅಂಶ ಅದು. ಮೊಣಕಾಲು ನೋವಿಗೆ, ನಿದ್ದೆಗೆ, ಚಿಂತೆಗೆ, ಎಲ್ಲಕ್ಕೂ ಅದೇ ಮದ್ದು ಎಂದು ವಾಟ್ಸ್ಯಾಪಿನಲ್ಲಿ ದಿನವೂ ಬರುತ್ತಿತ್ತು. ಯುಗಾದಿಯ ಊಟದ ದಿನ ನನ್ನ ಸಹೋದ್ಯೋಗಿ ರಘು ಜೇಬಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಎಲ್ಲರಿಗೂ ತೋರಿಸಿದ.

"ಆಂಟಿ, ಇದು ಹೆಂಪ್ ಆಯಿಲ್. ಎರಡು ಡ್ರಾಪ್ ಹಾಕ್ಕೊಂಡ್ರೆ ಸೂಪರ್ ನಿದ್ದೆ. ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತೆ, ಫುಲ್ ಲೀಗಲ್!"

ಆಂಟಿ ಬಾಟಲಿ ತಿರುಗಿಸಿ ಓದಿದರು. "ಲೀಗಲ್ ಐತಿ, ಖರೆ. ಯಾಕಂದ್ರ ಇದರಾಗ ನೀ ಅನ್ಕೊಂಡ ಸಿಬಿಡಿ ಇಲ್ಲ. ಇದು ಆ ಗಿಡದ ಬೀಜದ ಎಣ್ಣಿ, ತಮ್ಮಾ. ನಮ್ಮ ಶೇಂಗಾ ಎಣ್ಣಿ ಇದ್ದಂಗ. ಚಟ್ನಿಪುಡಿಗೆ ಹಾಕ್ಕೊಂಡು ರೊಟ್ಟಿ ತಿನ್ನು, ಬಾಳ ಛಲೋ."

"ಮತ್ತೆ ನಿದ್ದೆ ಬರ್ತಿದೆಯಲ್ಲ ಆಂಟಿ?"

"ಎಣ್ಣಿ ಹಾಕ್ಕೋಬೇಕಂತ ಫೋನ್ ಬಾಜೂಕಿಟ್ಟು ಲಗೂನ ಮಲಗ್ತಿರಬೇಕು ನೀ. ಅದಕ್ಕ ಬರ್ತೈತಿ."

ರಘುವಿನ ಹೆಂಡತಿ ಹೋಳಿಗೆ ಬಡಿಸುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದಳು. ಅವನು ಸೋಲಲಿಲ್ಲ. ನಿಜವಾದ ಸಿಬಿಡಿಯನ್ನು ಅಮೆರಿಕದಿಂದ ತರಿಸಿಕೊಳ್ಳುತ್ತೇನೆ ಎಂದ. ಆಂಟಿಯ ಮುಖದಿಂದ ನಗು ಇಳಿಯಿತು. ಡಾಕ್ಟರ ಚೀಟಿಯಿಲ್ಲದೆ ತರಿಸುವುದು ಇಲ್ಲಿ ಅಪರಾಧ, ಅಲ್ಲಿಯ ಅಂಗಡಿಯಲ್ಲಿ ಚಾಕೊಲೇಟಿನಂತೆ ಸಿಕ್ಕರೂ ಇಲ್ಲಿ ಅದು ಔಷಧ ಎಂದು ಬಿಡಿಸಿ ಹೇಳಿದರು.

"ಚೀಟಿ ಬೇಡ, ಸಣ್ಣ ಡೋಸ್ ಆದ್ರೆ ಫಾರ್ಮಸಿಲೇ ಕೇಳಿ ತಗೋಬಹುದು ಅಂತ ರೂಲ್ ಬಂದಿದೆಯಂತಲ್ಲ?" ಎಂದೆ ನಾನು.

"ಬಂದೈತಿ. ಕುರ್ಚಿ ಹಾಕ್ಯಾರ, ಅದರ ಮ್ಯಾಲ ಕೂಡುವಂಥ ಔಷಧಿಗೆ ಮಂಜೂರಿ ಇನ್ನೂ ಕೊಟ್ಟಿಲ್ಲ. ಖಾಲಿ ಕುರ್ಚಿ ನೋಡಿ ಜನ ಬಂದು ಬಂದು ಹೋಗ್ತಾರ."

ಆ ಖಾಲಿ ಕುರ್ಚಿಯ ಕಾವು ಅವರಿಗೆ ತಟ್ಟಿತ್ತು. ಆ ರೂಲ್ ಬಂದಾಗ ಅವರಿನ್ನೂ ಸಿಡ್ನಿಯಲ್ಲಿದ್ದರು, ಅಂಗಡಿಯಲ್ಲಿ ಅವರ ಕೊನೆಯ ದಿನಗಳವು. ಸುದ್ದಿ ಕೇಳಿ ಬಂದವರಿಗೆಲ್ಲ ಇಲ್ಲ ಎನ್ನಬೇಕಾಗಿತ್ತು. ಒಬ್ಬ ಮುದುಕ, ಹೆಂಡತಿಯ ನೋವು ನೋಡಲಾಗದೆ ಬಂದವನು, ಕೌಂಟರು ಗುದ್ದಿ ಕೂಗಾಡಿದನಂತೆ. ಆಂಟಿ ಹೊರಗೆ ಬಂದು ಅವನನ್ನು ಕೂರಿಸಿ, ಆ ಹೆಂಗಸಿನ ಡಾಕ್ಟರಿಗೆ ತಾವೇ ಫೋನ್ ಮಾಡಿ, ಅಂದೇ ಅಪಾಯಿಂಟ್‌ಮೆಂಟ್ ಕೊಡಿಸಿದರು. ಚೀಟಿ ಬಂದ ಮೇಲೆ ಔಷಧವನ್ನೂ ತರಿಸಿಕೊಟ್ಟರು. "ಇಲ್ಲ ಅನ್ನೂದು ಸುಲಭವ್ವಾ. ಇಲ್ಲ ಅಂದ ಮ್ಯಾಲ ಅವ್ರು ಎಲ್ಲಿಗೆ ಹೋಗಬೇಕು ಅನ್ನೂದನ್ನೂ ನಾವ ಹೇಳಬೇಕಲ್ಲ" ಎಂದಿದ್ದರು.

ಕಾನೂನನ್ನು ಇಷ್ಟು ನೆಚ್ಚಿದವರ ಮನೆಗೇ ಪೊಲೀಸರು ಬಂದದ್ದು ಮುಂದಿನ ವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ. ಕ್ಲೇಟನ್ ಬಡಾವಣೆಯ ತೆಲುಗು ಗೆಳತಿಯೊಬ್ಬರು ಕೊಟ್ಟ ಬೀಜದಿಂದ ಆಂಟಿ ಹಿತ್ತಲ ತುಂಬ ಪುಂಡಿ ಬೆಳೆದಿದ್ದರು. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗೆ ಪಲ್ಯ ಮಾಡುವ ಹುಳಿ ಸೊಪ್ಪು ಅದು. ಆ ಜಾತಿಯ ಎಲೆಗೆ ಬೆರಳು ಬಿಡಿಸಿದಂಥ ಸೀಳು, ಅಂಚಿಗೆ ಗರಗಸದ ಹಲ್ಲು. ದೂರದಿಂದ ನೋಡಿದರೆ ಥೇಟ್ ಗಾಂಜಾ. ಗಿಡಗಳು ಬೇಲಿಯನ್ನು ಮೀರಿ ಬೆಳೆದು ಪಕ್ಕದ ಮನೆಗೆ ಇಣುಕತೊಡಗಿದವು. ಪಕ್ಕದ ಮನೆಯ ಬ್ರೂಸ್ ರಿಟೈರ್ಡ್ ಸ್ಕೂಲ್ ಮೇಷ್ಟ್ರು, ಬಲು ಶಿಸ್ತಿನ ಮನುಷ್ಯ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದವಳು ನಾನೇ. ಯೂನಿಫಾರ್ಮಿನ ಇಬ್ಬರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಹಿತ್ತಲಲ್ಲಿ ಗಾಂಜಾ ಬೆಳೆದಿದ್ದೀರೆಂದು ದೂರು ಬಂದಿದೆ, ನೋಡಬಹುದೇ ಎಂದು ಸೌಮ್ಯವಾಗಿಯೇ ಕೇಳಿದರು. ಪಿಆರ್ ಅರ್ಜಿಯಲ್ಲಿ ಕೊಟ್ಟ ವಿಳಾಸ ಇದೇ ಮನೆಯದು. ಪೊಲೀಸ್ ಕ್ಲಿಯರೆನ್ಸ್, ವೀಸಾ, ಮೈಸೂರಿನಲ್ಲಿ ಅಪ್ಪನಿಗೆ ಏನು ಹೇಳುವುದು, ಎಲ್ಲ ಒಟ್ಟಿಗೆ ತಲೆಯಲ್ಲಿ ಸುತ್ತಿತು.

"ಆಂಟೀ, ಪೊಲೀಸ್ ಬಂದಿದಾರೆ!"

"ಬರ್ಲಿ. ಚಪ್ಪಲಿ ಬಿಟ್ಟು ಬರಾಕ ಹೇಳು."

ಅವರು ಬೂಟು ಬಿಚ್ಚಲಿಲ್ಲ, ನಾನು ಹೇಳಲೂ ಇಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಕರೆದೊಯ್ದೆ. ಆಂಟಿ ಹಿಟ್ಟಿನ ಕೈಯಲ್ಲೇ ಬಂದರು. ಬಂದವರ ಮೇಲೆ ಸಿಡುಕಲಿಲ್ಲ. ಈ ರಾಜ್ಯದಲ್ಲಿ ಮನೆಯಲ್ಲಿ ಗಾಂಜಾದ ಒಂದು ಗಿಡವೂ ಬೆಳೆಯುವಂತಿಲ್ಲ, ನಾರಿಗೂ ಬೀಜಕ್ಕೂ ಹೊಲದಲ್ಲಿ ಹೆಂಪ್ ಎಂಬ ಅದರ ಅಮಲಿಲ್ಲದ ತಳಿ ಬೆಳೆಯಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕು, ಕ್ಯಾನ್‌ಬೆರಾದಲ್ಲಾದರೆ ಮನೆಯಲ್ಲಿ ಒಬ್ಬರಿಗೆ ಎರಡು ಗಿಡಕ್ಕೆ ಅಭ್ಯಂತರವಿಲ್ಲ, ಆದರೆ ಮಾರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ತಾವೇ ಒಪ್ಪಿಸಿದರು. ಪೊಲೀಸರು ಕೇಳುತ್ತ ನಿಂತರು. ಆಮೇಲೆ ಆಂಟಿ ಮೂಲೆಯ ಗಿಡದಲ್ಲಿ ಅರಳಿದ್ದ ಹಳದಿ ಹೂವನ್ನು ಬಗ್ಗಿಸಿ ತೋರಿಸಿದರು. ನಡುವೆ ಕೆಂಪು ಕಣ್ಣಿನ, ದಾಸವಾಳದಂಥ ಹೂವು. ಒಂದು ಎಲೆ ಕಿತ್ತು ತಾವು ಜಗಿದು, ಇನ್ನೊಂದನ್ನು ಆ ಹೆಣ್ಣುಮಗಳತ್ತ ಚಾಚಿದರು. "ಟೇಸ್ಟ್ ಇಟ್, ಡಿಯರ್."

ಆಕೆ ಸಂಗಾತಿಯ ಮುಖ ನೋಡಿ, ಮೊದಲು ಮೂಸಿ, ಆಮೇಲೆ ತುದಿ ಕಡಿದಳು. ಹುಳಿಗೆ ಕಣ್ಣು ಮುಚ್ಚಿಹೋಯಿತು. ಅವನು ನಕ್ಕುಬಿಟ್ಟ. ಹೂವಿನದೂ ಎಲೆಯದೂ ಫೋಟೋ ತೆಗೆದು, ಯಾರಿಗೋ ಕಳಿಸಿ, ಉತ್ತರ ಬಂದ ಮೇಲೆ ತೊಂದರೆಯಿಲ್ಲ ಎಂದು ಹೇಳಿ ಹೊರಟರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಅಳುವೂ ನಗುವೂ ಒಟ್ಟಿಗೆ ಬಂದವು.

"ಯಾಕವ್ವಾ, ಅಂಜಿದ್ಯಾ?"

"ಅಂಜದೆ ಏನ್ ಆಂಟಿ! ನನ್ನ ಪಿಆರ್..."

"ಎಲ್ಲಿ ಹೋಕ್ಕೈತಿ ನಿನ್ನ ಪಿಆರ್? ಏಳು, ರೊಟ್ಟಿ ಆರ್ತಾವ."

ದೂರು ಕೊಟ್ಟವರು ಬ್ರೂಸ್ ಅಲ್ಲದೆ ಇನ್ಯಾರು ಎಂದು ನನಗೆ ಅವರ ಮೇಲೆ ಕೋಪ ಕುದಿಯುತ್ತಿತ್ತು. ಆಂಟಿ ಮಾತ್ರ ಅಂದು ಮಧ್ಯಾಹ್ನವೇ ಒಂದು ಡಬ್ಬಿ ಪುಂಡಿ ಪಲ್ಯ, ಎರಡು ರೊಟ್ಟಿ ಕಟ್ಟಿಕೊಂಡು ಅವರ ಮನೆಗೆ ಹೊರಟರು. ನಾನು ತಡೆದೆ. "ಅನುಮಾನ ಬಂತು, ಪೊಲೀಸರಿಗೆ ಹೇಳಿದ. ಮುಖಾಮುಖಿ ಬಂದು ಕೇಳಬೇಕಿತ್ತು, ಅದನ್ನ ಹೇಳಿ ಬರ್ತೀನಿ" ಎಂದು ಹೋದರು. ಆಂಟಿ ಹಿಂದಿರುಗಿದಾಗ ಬ್ರೂಸ್ ಕೂಡ ಜೊತೆಗೇ ಬಂದರು. ಕಿವಿಯವರೆಗೂ ಕೆಂಪಾಗಿದ್ದರು, ಖಾರಕ್ಕೋ ನಾಚಿಕೆಗೋ ತಿಳಿಯದು. ಕ್ಷಮೆ ಕೇಳಿ, ಸ್ವಲ್ಪ ಹೊತ್ತು ಗಿಡಗಳ ಮುಂದೆ ನಿಂತು, ಬೀಜ ಸಿಗಬಹುದೇ ಎಂದರು. ಮರುವರ್ಷ ಬೇಲಿಯ ಎರಡೂ ಕಡೆ ಪುಂಡಿ ಎದ್ದಿತ್ತು.

ನನ್ನ ಪಿಆರ್ ಬಂತು, ಮದುವೆಯಾಯಿತು, ಬೇರೆ ಸಬರ್ಬಿಗೆ ಹೋದೆ. ಆಂಟಿಯ ಮಗಳಿಗೆ ಸಿಡ್ನಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವರೂ ಮನೆ ಮಾರಿ ಅವಳ ಜೊತೆ ಹೊರಟರು. ಅಷ್ಟರಲ್ಲಿ ಸಂಧಿವಾತ ಅವರ ಬೆರಳುಗಳನ್ನು ಸೊಟ್ಟ ಮಾಡಿತ್ತು.

ಕಳೆದ ವರ್ಷ ಕೆಲಸದ ಮೇಲೆ ಸಿಡ್ನಿಗೆ ಹೋದವಳು ಅವರನ್ನು ನೋಡಲು ಹೋದೆ. ಫಾರ್ಮಸಿಗೆ ಹೋಗಬೇಕು, ಕೈ ಹಿಡಿದು ಕರೆದುಕೊಂಡು ಹೋಗು ಎಂದರು. ನಿಧಾನವಾಗಿ ನಡೆದೆವು. ಉಳಿದ ಮದ್ದು ನಾಟದೆ ಹೋದದ್ದರಿಂದ ಡಾಕ್ಟರು ಸಿಬಿಡಿ ಎಣ್ಣೆಯನ್ನೇ ಬರೆದುಕೊಟ್ಟಿದ್ದರು. ಕೌಂಟರಿನ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದಂತಿದ್ದ ಚೀನೀ ಹುಡುಗಿಯೊಬ್ಬಳಿದ್ದಳು. ಚೀಟಿ, ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ, ಇದು ಗಾಂಜಾದ ಗಿಡದಿಂದ ಬಂದರೂ ಅಮಲೇರಿಸುವುದಿಲ್ಲ, ನಾಲಿಗೆಯ ಕೆಳಗೆ ಹೇಗೆ ಬಿಡಬೇಕು, ಬೇರೆ ಯಾವ ಮಾತ್ರೆಗಳ ಜೊತೆ ಎಚ್ಚರ, ತೂಕಡಿಕೆ ಬಂದರೆ ಕಾರು ಓಡಿಸಬಾರದು ಎಂದು ಒಂದೊಂದಾಗಿ ವಿವರಿಸತೊಡಗಿದಳು. ನಡುವೆ ಒಂದು ಕಡೆ ಮರೆತು, ಕಂಪ್ಯೂಟರ್ ನೋಡಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಬಾಯಿ ಹಾಕಲು ನನ್ನ ನಾಲಿಗೆ ತುರಿಸುತ್ತಿತ್ತು. ಆಂಟಿ ಎರಡೂ ಕೈ ಕೌಂಟರಿನ ಮೇಲಿಟ್ಟು, ಜೀವನದಲ್ಲಿ ಮೊದಲ ಸಲ ಕೇಳುತ್ತಿರುವವರಂತೆ ತಲೆದೂಗುತ್ತ ಪೂರ್ತಿ ಕೇಳಿದರು. ಕಡೆಗೆ ಒಂದು ಪ್ರಶ್ನೆಯನ್ನೂ ಕೇಳಿದರು. ಹುಡುಗಿಯ ಮುಖ ಅರಳಿತು, ಅದಕ್ಕೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಗೆ ಬಂದ ಮೇಲೆ ಕೇಳಿದೆ. "ನೀವೂ ಫಾರ್ಮಸಿಸ್ಟ್ ಅಂತ ಯಾಕೆ ಹೇಳಲಿಲ್ಲ ಆಂಟಿ?"

"ಹೇಳಿದ್ರ ಆ ಕೂಸು ಅಂಜ್ತಿತ್ತವ್ವಾ. ಎಷ್ಟು ಛಲೋ ಹೇಳಿತು ನೋಡು."

ಆ ಚಳಿಗಾಲದಲ್ಲೇ ಅವರು ತೀರಿಹೋದರು. ಅವರ ಮಗಳು ಫೋನ್ ಮಾಡಿದಾಗ ನನಗೆ ಕಣ್ಮುಂದೆ ಬಂದದ್ದು, ಸಿಡ್ನಿಯ ಆ ಬಿಸಿಲಿನಲ್ಲಿ ಔಷಧದ ಚೀಲವನ್ನು ಎದೆಗೊತ್ತಿಕೊಂಡು, ನಾವು ಬಿಟ್ಟು ಬಂದ ಅಂಗಡಿಯ ಕಡೆಗೊಮ್ಮೆ ತಿರುಗಿ ನೋಡಿ ಸಂತೋಷಪಟ್ಟ ಅವರ ಮುಖ.